ಡಿಸ್ಕಿನೊಳಗೆ ಕೂತವರು ಯಾರು?

ಜಕ್ಕೂರಿನ ಆನಂದಪ್ಪನವರು ಮನೆಯ ಕಂಪ್ಯೂಟರಿನಿಂದ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿದಂದಿನಿಂದ ಅವರ ಕಾಲು ನೆಲದ ಮೇಲಿರಲಿಲ್ಲ. ವೈರಸ್ ಬರುವುದಿಲ್ಲ, ಕಾಸು ಕೊಡಬೇಕಿಲ್ಲ, ಹೆಂಡತಿಗೆ ಅರ್ಥವಾಗುವುದಿಲ್ಲ (ಮೂರನೆಯದೇ ಮುಖ್ಯ).

ಆ ಹೆಂಡತಿ ಶಶಿರೇಖಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಆ ಭಾನುವಾರ ಮಧ್ಯಾಹ್ನ ಆರ್.ಟಿ. ನಗರದಿಂದ ಶಹರ್ಬಾನು ಬಂದು ಡಿಸೈನ್‌ಗಳನ್ನು ನೋಡಿ, ತಂಗಿಯ ಮದುವೆಯ ಬ್ಲೌಸ್‌ಗಳನ್ನು ಇವಳಿಗೆ ಒಪ್ಪಿಸುವುದೋ ಬೇಡವೋ ತೀರ್ಮಾನಿಸುವವಳಿದ್ದಳು. ಸಿಕ್ಕರೆ ಇದೇ ಮೊದಲ ದೊಡ್ಡ ಆರ್ಡರ್. ಫೋನಿನ ಪುಟ್ಟ ಪರದೆಯಲ್ಲಿ ಜರಿ ಕಾಣುತ್ತಿರಲಿಲ್ಲ. ಕಂಪ್ಯೂಟರಿನ ಡಿಸ್ಕಿನ ತುಂಬ ಯಜಮಾನರ ಹಳೇ ಫೈಲುಗಳ ಸರಕು. ಅದರಲ್ಲಿ ತನಗೊಂದು ಭಾಗ ಬಿಡಿಸಿಕೊಡಿ ಎಂದು ತಿಂಗಳಿಂದ ಕೇಳುತ್ತಿದ್ದಳು.

"ಅರ್ಧ ನಿಮಿಷದ ಕೆಲ್ಸ ಕಣೇ. ಸಾಮಾನೆಲ್ಲ ಬೆಳಿಗ್ಗೇನೇ ಬೇರೆ ಕಡೆ ಸಾಗ್ಸಿದೀನಿ. ಈಗ ಫಾರ್ಮ್ಯಾಟ್ ಹೊಡೆದ್ರೆ ಮುಗೀತು."

ಹೊಡೆದರು. 'ಡಿವೈಸ್ ಬಿಜಿ' ಎಂದು ಉತ್ತರ ಬಂತು. ಅಂದರೆ ಆ ಭಾಗವನ್ನು ಯಾರೋ ಬಳಸುತ್ತಿದ್ದಾರೆ, ಅವರು ಬಿಡುವ ತನಕ ಅಳಿಸಲು ಬರುವುದಿಲ್ಲ.

"ಯಾರು ಒಳಗೆ ಕೂತಿರೋದು?" ಎಂದು ಆನಂದಪ್ಪ ಗುಡುಗಿದರು. ಮೊದಲ ಆರೋಪಿ ಶಶಿರೇಖಾಳ ತಾಯಿ, ಅವರ ಅತ್ತೆ ಅಕ್ಕಯ್ಯಮ್ಮ. ಕಂಪ್ಯೂಟರಿನಿಂದ ಟಿವಿಗೆ ಒಂದು ವೈರು ಎಳೆದಿತ್ತು, ಅವರು ಟಿವಿ ಮುಂದಿದ್ದರು.

"ನಾನೇನ್ ಮಾಡಿದ್ನಪ್ಪಾ? ಇಂಗೆ ಸುಮ್ನೆ ಕೂತಿದ್ದೆ!"

ಟಿವಿ ಆರಿತು. ಬಿಜಿ. ವೈಫೈ ಕಿತ್ತರು. ಬಿಜಿ. ನೆಲ ಒರೆಸುತ್ತಿದ್ದ ಶಶಿರೇಖಾಳನ್ನೂ ಅರ್ಧಕ್ಕೇ ನಿಲ್ಲಿಸಿದರು (ವೈರು ಅಲ್ಲಾಡುತ್ತದಂತೆ). ಆಗಲೂ ಬಿಜಿ.

"ಒಂದ್ಸಲ ಆಫ್ ಮಾಡಿ ಆನ್ ಮಾಡ್ರೀ" ಎಂದಳು ಶಶಿರೇಖಾ.

"ಅದೆಲ್ಲ ಗೊತ್ತಿಲ್ದೋರು ಮಾಡೋದು! ಲಿನಕ್ಸ್‌ಗೆ ಒಂದು ಮರ್ಯಾದೆ ಇದೆ."

ಗಂಟೆ ಒಂದಾಯಿತು. ಶಶಿರೇಖಾಳ ಮುಖ ಸಣ್ಣದಾಯಿತು. "ಹೋಗ್ಲಿ ಬಿಡಿ. ಶಹರ್ಬಾನುಗೆ ಬರ್ಬೇಡ ಅಂತ ಫೋನ್ ಮಾಡ್ತೀನಿ."

ಅದು ಆನಂದಪ್ಪನವರಿಗೆ ನಿಜಕ್ಕೂ ಚುಚ್ಚಿತು. ಕಿತ್ತ ವೈಫೈಯನ್ನು ತಾವೇ ಸಿಕ್ಕಿಸಿ, ಇಂಟರ್ನೆಟ್ ಜಾಲಾಡಿ, ಒಳಗೆ ಕೂತವರ ಹೆಸರು ಹೇಳುವ ಕಮ್ಯಾಂಡೊಂದನ್ನು ಹುಡುಕಿದರು. "ಕಳ್ಳ ಈಗ ಸಿಗ್ತಾನೆ, ಬನ್ನಿ" ಎಂದು ತಾಯಿ ಮಗಳಿಬ್ಬರನ್ನೂ ಸಾಕ್ಷಿಗೆ ನಿಲ್ಲಿಸಿಕೊಂಡು ಎಂಟರ್ ಒತ್ತಿದರು.

ಪರದೆಯ ಮೇಲೆ ಒಂದೇ ಹೆಸರು ಮೂಡಿತು: ಆನಂದಪ್ಪ.

ಸಾಮಾನೆಲ್ಲ ಸಾಗಿತೇ ಎಂದು ನೋಡಲು ಬೆಳಿಗ್ಗೆ ಪರದೆಯ ಮೇಲೆ ಕಮ್ಯಾಂಡ್ ಬರೆಯುವ ಒಂದು ಕರಿ ಕಿಟಕಿ ತೆರೆದು ಆ ಭಾಗದೊಳಗೆ ಹೋದ ಮಹಾನುಭಾವರು ಈಚೆ ಬರುವುದನ್ನೇ ಮರೆತಿದ್ದರು. ಆ ಕಿಟಕಿ ಇನ್ನೊಂದರ ಹಿಂದೆ ತೆಪ್ಪಗೆ ಕೂತಿತ್ತು.

"ಇಷ್ಟೇನಾ?" ಎಂದಳು ಶಶಿರೇಖಾ. "ನಾನು ನೆಲ ಒರೆಸೋವಾಗ ಪೇಪರ್ ಹಿಡ್ಕೊಂಡು ಮಧ್ಯದಲ್ಲೇ ಕೂತಿರ್ತೀರಲ್ಲ, ಹಂಗೇ. ಮೊದ್ಲು ಎದ್ದು ಆಚೆ ಬನ್ನಿ."

ಕಿಟಕಿ ಮುಚ್ಚಿ ಬಂದರು. ಫಾರ್ಮ್ಯಾಟ್ ಆಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಫೋನಿನಲ್ಲಿದ್ದ ಡಿಸೈನ್‌ಗಳೆಲ್ಲ ಆ ಜಾಗಕ್ಕೆ ಬಂದು ಕೂತವು.

ಮೂರು ಗಂಟೆಗೆ ಬಂದ ಶಹರ್ಬಾನು ಟಿವಿಯಲ್ಲಿ ಒಂದೊಂದೇ ಡಿಸೈನ್ ನೋಡಿ, "ಅಕ್ಕಾ, ಎಲ್ಲಾ ಬ್ಲೌಸೂ ನೀವೇ ಹೊಲೀಬೇಕು" ಎಂದು ಹೇಳಿ ಹೋದಳು. ಶಶಿರೇಖಾಳ ಸಂತೋಷ ಹೇಳತೀರದು. ಆನಂದಪ್ಪನವರಿಗೂ ಎದೆಯುಬ್ಬಿತು. ಸೋಫಾದಲ್ಲಿ ಕಾಲು ನೀಡಿ, "ಎಷ್ಟಾದ್ರೂ ಫಾರ್ಮ್ಯಾಟ್ ಮಾಡಿದ್ದು ನಾನು..." ಎಂದು ಶುರುಮಾಡಿದರು.

ಅಕ್ಕಯ್ಯಮ್ಮ ಬಕೆಟ್ಟು, ಬಟ್ಟೆ ಹಿಡಿದು ಎದುರಿಗೆ ಬಂದು ನಿಂತರು. "ಏಳಿ ಅಳಿಯಂದ್ರೆ. ಇನ್ನ ನೀವ್ ಕೂತಿರೋ ಜಾಗ ಒಂದೇ ಉಳ್ದಿರಾದು."

ಆನಂದಪ್ಪ ಎದ್ದು ಬಾಗಿಲಾಚೆ ಹೋಗಿ, ನೆಲ ಆರುವ ತನಕ ಅಲ್ಲೇ ನಿಂತರು.