ಗೃಹಪ್ರವೇಶದ ಹಾಲು

ಸಿದ್ದಲಿಂಗೇಶನ ಯಂತ್ರ ಹುಟ್ಟಿದಾಗಿನಿಂದ ಒಂದೇ ಒಂದು ದಿನ ಸರಿಯಾಗಿ ಕೆಲಸ ಮಾಡಿತು. ಅವನ ಕಷ್ಟ ಶುರುವಾದದ್ದೂ ಆ ದಿನವೇ.

ಯಂತ್ರವೆಂದರೆ ಒಲೆಯ ಹಿಂದೆ ಗ್ಯಾಸ್ ಪೈಪಿಗೆ ಕೂರಿಸುವ ಅಂಗೈಯಗಲದ ಡಬ್ಬಿ. ಅದಕ್ಕೊಂದು ಪುಟ್ಟ ಕಣ್ಣು. ಪಾತ್ರೆಯಲ್ಲಿ ಹಾಲು ಅಂಚಿಗೆ ಬಂದ ಕೂಡಲೇ ಅದು ಗ್ಯಾಸ್ ನಿಲ್ಲಿಸಬೇಕು. ಇಂಟರ್‌ನೆಟ್ಟಿನಲ್ಲಿ ಅದರ ಚಿತ್ರ ಹಾಕಿ, ನೂರಾರು ಜನರಿಂದ ಮುಂಗಡ ಪಡೆದು, ದೀಪಾವಳಿಗೆ ಮನೆ ಸೇರುತ್ತದೆ ಎಂದು ಬರೆದಿದ್ದ. ಯಾವ ದೀಪಾವಳಿ ಎಂದು ಬರೆದಿರಲಿಲ್ಲ, ಅಷ್ಟೇ ಪುಣ್ಯ. ತಿಂಗಳಿಗೊಮ್ಮೆ ಎಲ್ಲರಿಗೂ ಪ್ರಗತಿ ವರದಿ ಹೋಗುತ್ತಿತ್ತು. ಪ್ರಗತಿ ಇರುತ್ತಿತ್ತು, ಡಬ್ಬಿ ಇರುತ್ತಿರಲಿಲ್ಲ.

ಡಬ್ಬಿಯ ಪ್ಲಾಸ್ಟಿಕ್ ಕವಚ ಕಾಮಾಕ್ಷಿಪಾಳ್ಯದ ಗುರುಸಿದ್ದಯ್ಯನವರ ಶೆಡ್ಡಿನಲ್ಲಿ ತಯಾರಾಗಬೇಕು. ಎರಡು ಸಲ ಅಚ್ಚು ತಿದ್ದಿ ಬೇಸತ್ತಿದ್ದ ಅವರು ಕಡ್ಡಿ ಮುರಿದಂತೆ ಹೇಳಿದ್ದರು: "ಇದು ಕೆಲ್ಸ ಮಾಡೋದನ್ನ ನಾನು ಕಣ್ಣಾರೆ ನೋಡ್ಬೇಕು. ಅಲ್ಲೀವರೆಗೂ ಮೆಶಿನ್ ಓಡ್ಸಲ್ಲ."

ಹೀಗಿರುವಾಗ ಊರಂಚಿನ ಉಲ್ಲಾಳದಲ್ಲಿ ಗುರುಸಿದ್ದಯ್ಯನವರ ಹೊಸ ಮನೆಯ ಗೃಹಪ್ರವೇಶ ಬಂತು. ಸಿದ್ದಲಿಂಗೇಶ ಬೇಗನೆ ಹೋಗಿ, ಒಲೆ ಜೋಡಿಸಿಕೊಡುವ ನೆಪದಲ್ಲಿ ಡಬ್ಬಿಯನ್ನು ಹಿಂದೆ ಕೂರಿಸಿದ. ಪೂಜೆ ಮುಗಿದು ಕಾಫಿಗೆ ಹಾಲಿಟ್ಟಾಗ ಯಜಮಾನರನ್ನು ಕರೆದು ತೋರಿಸುವುದು ಅವನ ಲೆಕ್ಕ. ಶಾಸ್ತ್ರಕ್ಕೆ ಉಕ್ಕಿಸುವ ಹಾಲನ್ನು ಹೇಗೂ ಇಟ್ಟಿಗೆ ಒಲೆಯ ಮೇಲೆ, ಸೌದೆ ಬೆಂಕಿಯಲ್ಲಿ ಇಡುತ್ತಾರಲ್ಲ.

ಇಡಲಿಲ್ಲ. "ಹೊಸ ಟೈಲ್ಸು ಮಸಿ ಹಿಡಿಯುತ್ತೆ, ಗ್ಯಾಸ್ ಮೇಲೇ ಇಡೋಣ," ಅಂದಳು ಮನೆಯ ಸೊಸೆ ಶಿವರಂಜನಿ. ಪೂಜೆಗೆ ಬಂದಿದ್ದ ಅಯ್ಯನವರೂ, "ಬೆಂಕಿ ಎಲ್ಲಾ ಒಂದೇ ತಾಯಿ," ಎಂದುಬಿಟ್ಟರು.

ವಿಭೂತಿ ಬಳಿದ ಪಾತ್ರೆ ಒಲೆಯೇರಿತು. ಅಡುಗೆಮನೆಯ ಬಾಗಿಲ ತುಂಬ ತಲೆಗಳು. ಹಾಲು ನೊರೆಯಾಗಿ ಎದ್ದಿತು, ಅಂಚಿಗೆ ಬಂತು. ಒಲೆ ಆರಿತು. ಅತ್ತೆ ಮನೆಯಲ್ಲಿ ಬೈಸಿಕೊಂಡ ಅಳಿಯನಂತೆ ಹಾಲು ಸದ್ದಿಲ್ಲದೆ ಕೆಳಗೆ ಕೂತಿತು.

ಸಿದ್ದಲಿಂಗೇಶನ ಎದೆ ಮಾತ್ರ ಉಕ್ಕಿತು. ಕೆಲಸ ಮಾಡಿತಲ್ಲ! ಮರುಕ್ಷಣ ತಾನೆಲ್ಲಿದ್ದೇನೆಂದು ನೆನಪಾಗಿ ಬೆವರಿದ.

"ಸಿಲಿಂಡರ್ ಖಾಲಿ ಇರ್ಬೇಕು," ಎಂದರು ಯಾರೋ. ಅಲ್ಲಾಡಿಸಿದರೆ ತುಂಬಿತ್ತು. ಮತ್ತೆ ಹಚ್ಚಿದರು. ಹಾಲು ಮತ್ತೆ ಎದ್ದಿತು, ಒಲೆ ಮತ್ತೆ ಆರಿತು.

ಬಸವೇಶ್ವರನಗರದಲ್ಲಿ ಸಿದ್ದಲಿಂಗೇಶನ ಪಕ್ಕದ ಮನೆಯ ಅಕ್ಕಯ್ಯಮ್ಮನೂ ಗುರುಸಿದ್ದಯ್ಯನವರ ದೂರದ ನೆಂಟರಾಗಿ ಬಂದಿದ್ದರು. ಕೆನ್ನೆಗೆ ಕೈಯಿಟ್ಟು, "ನಮ್ ಕಡೆ ಹೀಗಾದ್ರೆ ಆ ಮನೇಲಿ ಮಲಗಲ್ಲಪ್ಪ," ಎಂದರು. ಹಾಗೆಯೇ ಇವನತ್ತ ತಿರುಗಿ, "ನಿನ್ ಡಬ್ಬಿ ಯಾವಾಗ್ ಬರುತ್ತೋ? ದುಡ್ಡು ಕಟ್ದಾಗ ಮೊಮ್ಮಗಳು ತೊಟ್ಟಿಲಲ್ಲಿದ್ಲು. ಈಗ ಅವಳೇ ಹಾಲು ಕಾಯ್ಸ್ತಾಳೆ."

"ಕೊನೇ ಹಂತ ಆಂಟಿ."

ಮುಹೂರ್ತ ಜಾರುತ್ತಿತ್ತು. ಶಿವರಂಜನಿ ಮೂರನೇ ಸಲ ಒಲೆ ಹಚ್ಚಿದಳು. ಗುರುಸಿದ್ದಯ್ಯನವರ ತಾಯಿ ನೀಲಗಂಗಮ್ಮ ಬಿಳಿಚಿಕೊಂಡಿದ್ದರು. "ಶಿವ ಒಲೀಲಿಲ್ವೇನೋ," ಎಂದು ಕೊರಳ ಲಿಂಗವನ್ನು ಮುಟ್ಟಿಕೊಂಡು, ನಡುಗುವ ದನಿಯಲ್ಲಿ ವಚನ ಹೇಳತೊಡಗಿದರು. ಗುರುಸಿದ್ದಯ್ಯನವರೂ ಸೇರಿ ಎಲ್ಲರೂ ಕೈಮುಗಿದು ಕಣ್ಣುಮುಚ್ಚಿದರು. ಅಜ್ಜಿಯ ಮಡಿಲಲ್ಲಿ ಅದೇ ವಚನ ಕೇಳಿ ಬೆಳೆದ ಸಿದ್ದಲಿಂಗೇಶನಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಒಲೆಯ ಹಿಂದೆ ಕೈಹಾಕಿ ಡಬ್ಬಿಯ ಕಣ್ಣನ್ನು ಗೋಡೆಯ ಕಡೆ ತಿರುಗಿಸಿಬಿಟ್ಟ.

ವಚನ ಮುಗಿಯುವುದಕ್ಕೂ ಹಾಲು ನಾಲ್ಕೂ ಕಡೆ ಉಕ್ಕಿ ಸುರಿಯುವುದಕ್ಕೂ ಸರಿಹೋಯಿತು.

"ಕೇಳಿಸ್ಕೊಂಡ ಕಣೋ, ಶಿವ ಕೇಳಿಸ್ಕೊಂಡ," ಎಂದು ನೀಲಗಂಗಮ್ಮ ಸಿಕ್ಕವರ ಕೈಯನ್ನೆಲ್ಲ ಹಿಡಿದುಕೊಂಡು ಅತ್ತರು.

ಊಟದ ಹೊತ್ತಿಗೆ ಗುರುಸಿದ್ದಯ್ಯ ಅವನನ್ನು ಅಡುಗೆಮನೆಗೆ ಕರೆದರು. ಅವರ ಕೈಯಲ್ಲಿ ಹಾಲು ಮೆತ್ತಿದ ಡಬ್ಬಿ.

"ಬೆಳಿಗ್ಗೆ ನೀನಿದನ್ನ ಕೂರ್ಸಿದ್ದು ನೋಡ್ದೆ ಕಣಯ್ಯಾ. ಸುಮ್ನಿದ್ದೆ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ್ದಿದೆ ಅಂತ. ಮೊದಲ್ನೇ ಸಲ ಆರ್ತು. ಜನ ಅಪಶಕುನ ಅಂದ್ರು, ನಾನು ಮನಸ್ಸಲ್ಲೇ ಭೇಷ್ ಅಂದೆ. ಎರಡ್ನೇ ಸಲಾನೂ ಆರ್ತು. ನಾಳೆಯಿಂದ್ಲೇ ಮೆಶಿನ್ ಓಡ್ಸೋಣ ಅಂತಿದ್ದೆ." ಅವರು ಉಸಿರುಬಿಟ್ಟರು. "ಮೂರ್ನೇ ಸಲ ಕೈಕೊಡ್ತು ನೋಡು. ಸರಿಮಾಡ್ಕೊಂಡು ಬಾ."

"ಸಾರ್, ಮೂರ್ನೇ ಸಲ ಅದು..."

"ಮೂರ್ನೇ ಸಲ ಶಿವನೇ ಬಂದು ಉಕ್ಕಿಸ್ದ," ಎನ್ನುತ್ತ ನೀಲಗಂಗಮ್ಮ ಹಿಂದಿನಿಂದ ಬಂದು, ತೆರೆದಿದ್ದ ಅವನ ಬಾಯಿಗೆ ಆ ಹಾಲಿನ ಪಾಯಸ ಒಂದು ಚಮಚ ಹಾಕಿದರು. "ಅಲ್ವೇನಪ್ಪಾ?"

ಅವರ ಮುಖ ನೋಡಿ ಸಿದ್ದಲಿಂಗೇಶ ಪಾಯಸದ ಜೊತೆ ಮಾತನ್ನೂ ನುಂಗಿದ. "ಹೌದಮ್ಮ."

ಸಂಜೆ ಪ್ರಗತಿ ವರದಿ ಹೋಯಿತು: "ಇಂದಿನ ಪರೀಕ್ಷೆಯಲ್ಲಿ ಹಾಲು ಉಕ್ಕಿತು. ಆದ್ದರಿಂದ ಡಬ್ಬಿ ತಲುಪುವುದು ಇನ್ನೂ ತಡವಾಗುತ್ತದೆ. ಕ್ಷಮಿಸಿ."

ಮೊದಲ ಉತ್ತರ ಅಕ್ಕಯ್ಯಮ್ಮನವರದು: "ಹಾಲು ಉಕ್ಕಿದ್ರೆ ಶುಭ ಕಣಪ್ಪ, ಬೇಜಾರ್ ಮಾಡ್ಕೋಬೇಡ. ಡಬ್ಬಿ ಯಾವಾಗ?"