ಸೊಣ್ಣಮ್ಮನ ಸಕ್ಕರೆ ಅಚ್ಚು

ಸಂಕ್ರಾಂತಿಗೆ ವಾರವಿರುವಾಗ ಅಜ್ಜಿ ಸೊಣ್ಣಮ್ಮ, "ಈ ಸಲ ಅಚ್ಚು ನನ್ ಕೈಲಾಗಾಕಿಲ್ಲ ಕಣ್ಲಾ" ಎಂದಾಗ ಮೊಮ್ಮಗ ಪ್ರಸನ್ನ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಅವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಾದ ಅಲ್ಯೂಮಿನಿಯಂ ಎರಕ ಹೊಯ್ಯುವವನು. "ದಿನಾ ಮಾಡೋ ಕೆಲ್ಸಾನೇ ಅಜ್ಜಿ, ನಾನ್ ಮಾಡ್ತೀನಿ. ಸಕ್ಕರೆ ಯಾವ ಲೆಕ್ಕ?" ಎಂದುಬಿಟ್ಟ. ಸಾಲದ್ದಕ್ಕೆ ಬೀದಿಗೆಲ್ಲ ಸಾರಿಕೊಂಡು ಬಂದ.

ದಾಸರಹಳ್ಳಿಯ ಆ ಬೀದಿಯಲ್ಲಿ ಸೊಣ್ಣಮ್ಮನ ಬೆಳ್ಳನೆಯ ಸಕ್ಕರೆ ಆನೆ, ಗಿಳಿಗಳಿಲ್ಲದೆ ಯಾರ ಮನೆಯಲ್ಲೂ ಹಬ್ಬ ಆಗುತ್ತಿರಲಿಲ್ಲ.

ಹಬ್ಬದ ಬೆಳಗ್ಗೆ ಮರದ ಅಚ್ಚುಗಳನ್ನು ನೆನೆಸಿ, ದಾರ ಬಿಗಿದು, ಪ್ರಸನ್ನ ಪಾಕ ಸುರಿದ. ಬಿಚ್ಚಿ ನೋಡಿದರೆ ಆನೆ ಕರಗಿ ತಟ್ಟೆ ತುಂಬ ಹರಿಯಿತು.

"ಇನ್ನೊಸಿ ಕುದೀಲಿ" ಎಂದಳು ಅಜ್ಜಿ, ಕುರ್ಚಿಯಲ್ಲಿ ಕುಳಿತು.

ಪಕ್ಕದ ಮನೆಯ ಮಹಾಲಕ್ಷ್ಮಿ ಇಣುಕಿ, "ನಿಂಬೆಹಣ್ಣು ಹಿಂಡ್ರೀ" ಎಂದಳು. ಮೇಲಿನ ರೂಮಿನ ಬಾಡಿಗೆದಾರ, ಬಾಗಲಕೋಟೆ ಕಡೆಯ ಯಮನಪ್ಪ ಇಳಿದು ಬಂದು, "ಪಾಕಕ್ಕ ಎಳಿ ಬಂದಿಲ್ರಿ, ಉರಿ ಜೋರ್ ಮಾಡ್ರಿ" ಎಂದ. ಪ್ರಸನ್ನ ಎಲ್ಲರ ಮಾತನ್ನೂ ಕೇಳಿದ. ಪಾಕ ಕಾಕಂಬಿಯ ಬಣ್ಣಕ್ಕೆ ತಿರುಗಿ, ಅಚ್ಚಿನೊಳಗೆ ಸಿಮೆಂಟಿನಂತೆ ಕೂತಿತು. ಸುತ್ತಿಗೆಯಿಂದ ತಟ್ಟಿದ. ಗಿಳಿಯ ಬಾಲ ಮಾತ್ರ ಹೊರಬಂತು, ಜೊತೆಗೆ ಅಚ್ಚಿನ ಒಂದು ಚೂರೂ. ಅವನ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು.

"ಫ್ಯಾಕ್ಟರೀಲೂ ಹಿಂಗೇನಾ?" ಎಂದು ಮಹಾಲಕ್ಷ್ಮಿ ನಕ್ಕು ಹೋದಳು. ಯಮನಪ್ಪ ಆ ಬಾಲವನ್ನು ಬಾಯಿಗೆ ಹಾಕಿಕೊಂಡು, ಕಡಿಯಲಾರದೆ ಮಾತಾಡಲಾರದೆ ಮೆಟ್ಟಿಲು ಹತ್ತಿದ.

ಸಂಜೆ ಎಳ್ಳು ಬೀರುವ ಹೊತ್ತಾಯಿತು. ಪ್ರಸನ್ನ ಅಜ್ಜಿಯ ಕಾಲ ಬಳಿ ಕುಸಿದ. "ಅಜ್ಜಿ, ಸಕ್ಕರೆ ಒಂದಿಷ್ಟು ಉಳಿದಿದೆ. ಪಾಕ ಯಾವ ಹದಕ್ಕೆ ಇಳಿಸ್ಬೇಕು, ಸರಿಯಾಗಿ ಹೇಳು."

ಅಜ್ಜಿ ಎದ್ದು ಹೋಗಿ ಬಾಗಿಲು ಹಾಕಿ ಬಂದಳು. "ನಂಗೇನ್ಲಾ ಗೊತ್ತು? ಈ ಮರದಚ್ಚು ನಮ್ಮತ್ತೇದು. ನಾನು ವರ್ಸಾ ವರ್ಸಾ ಚಿಕ್ಕಬಾಣಾವರದ ಕೃಷ್ಣಪ್ಪನ ಅಂಗಡೀಲಿ ಮಾಡಿಟ್ಟಿದ್ದನ್ನೇ ತಂದು ಡಬ್ಬಿಗೆ ಆಕ್ತಿದ್ದೆ."

ಪ್ರಸನ್ನ ತಟ್ಟನೆ ಎದ್ದು ನಿಂತ. "ಹಂಗಾದ್ರೆ ಬೆಳಗ್ಗಿಂದ ನಂಗೆ ಹೇಳ್ಕೊಟ್ಟಿದ್ದು?"

"ಸುಮ್ಕೆ ಕುಂತ್ರೆ ಅನುಮಾನ ಬರಾಕಿಲ್ವಾ?"

"ಈ ಸಲ ತಂದಿದ್ದು ಎಲ್ಲಿಟ್ಟಿದ್ದೀಯ?"

"ನೀನೇ ಮಾಡ್ತೀನಿ ಅಂದ್ಯಲ್ಲ, ಸದ್ಯ ಬಚಾವಾದೆ ಅಂತ ತರ್ಲೇ ಇಲ್ಲ."

ಪ್ರಸನ್ನ ಕೃಷ್ಣಪ್ಪನಿಗೆ ಫೋನು ಮಾಡಿದ. ಬೆಳಗ್ಗೆಯೇ ಎಲ್ಲ ಖಾಲಿ.

ಅಷ್ಟರಲ್ಲಿ ಹೊರಗೆ ಬಳೆಗಳ ಸದ್ದು. ಬೀದಿಯ ಹೆಂಗಸರೆಲ್ಲ ತಟ್ಟೆ ಹಿಡಿದು ನಿಂತಿದ್ದರು. "ಅಜ್ಜೀ, ಅಚ್ಚು ಆಯ್ತಾ?"

ಸೊಣ್ಣಮ್ಮ ಸೆರಗು ಸರಿಮಾಡಿಕೊಂಡು ಬಾಗಿಲು ತೆರೆದು, ನಿಟ್ಟುಸಿರಿಟ್ಟಳು. "ಏನ್ ಏಳ್ಲಿ ತಾಯಿ! ಅಷ್ಟು ಚೆಂದಾಗಿ ಏಳ್ಕೊಟ್ಟೆ. ಈ ದಡ್ಡ ಎಲ್ಲಾ ಕೆಡಿಸಾಕ್ಬಿಟ್ಟ!"