ದವಾಖಾನಿಯವರ ಮ್ಯಾಲ ನಂಬಿಕಿ ಇಲ್ಲ

ದವಾಖಾನೆಗೆ ಬರುವವರು ರೋಗಕ್ಕಿಂತ ಹೆಚ್ಚಾಗಿ ನಮಗೇ ಹೆದರುತ್ತಾರೆ. ಎಪ್ಪತ್ತರ ದಶಕದಲ್ಲಿ ನಾನು ಟೆಕ್ನಿಷಿಯನ್ ಆಗಿ ಸೇರಿದ ಮೊದಲ ವಾರವೇ ಇದು ತಿಳಿಯಿತು. ಆಮೇಲೆ ಮರೆಯಲು ಯಾರೂ ಬಿಡಲಿಲ್ಲ.

ಒಂದು ಹನಿ ರಕ್ತ

ಮಾನ್ವಿಯಲ್ಲಿದ್ದಾಗ ಹಳ್ಳಿಗಳಿಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ಮಲೇರಿಯಾ ಪರೀಕ್ಷೆಗೆ ಒಂದು ಹನಿ ರಕ್ತ ತರುವುದು ನನ್ನ ಕೆಲಸ. ಗಂಡಸರನ್ನು ಹಿಡಿದೊಯ್ದು ಸಂತಾನಹರಣ ಆಪರೇಶನ್ ಮಾಡುತ್ತಾರೆಂಬ ಸುದ್ದಿ ಹಬ್ಬಿದ್ದ ಕಾಲ ಅದು. ಬಾಗಲವಾಡದಲ್ಲಿ ನನ್ನ ಪೆಟ್ಟಿಗೆ ಕಂಡದ್ದೇ ತಡ, ಗಂಡಸರೆಲ್ಲ ಜೋಳದ ಹೊಲ ಹೊಕ್ಕರು. ಎಂಬತ್ತು ದಾಟಿದ ಮುದುಕನೊಬ್ಬ ಮಾತ್ರ ಮುಖ ಗಂಟಿಕ್ಕಿ ಕಟ್ಟೆಯ ಮೇಲೆ ಕೂತಿದ್ದ.

“ಯಪ್ಪಾ, ನೀ ಒಬ್ಬನೇ ಧೈರ್ಯದವ ನೋಡು!” ಎಂದೆ.

“ಎಲ್ಲೀ ಧೈರ್ಯ? ನಾನೂ ಓಡಾಕತ್ತಿದ್ದೆ. ನಮ್ಮ ಮುದುಕಿ ಅಡ್ಡ ಬಂದು, ‘ನೀ ಯಾಕ ಓಡ್ತಿ, ಸುಮ್ನ ಕೂಡು’ ಅಂದ್ಳು. ಮಂದಿ ಮುಂದ ಮರ್ಯಾದಿ ತಗದ್ಳು!”

ಎರಡು ದಿನದಿಂದ ಜ್ವರವೆಂದ. ಬೆರಳು ಚುಚ್ಚಿಸಿಕೊಂಡು ಎದ್ದವನೇ ಒಳಗಿದ್ದ ಮುದುಕಿಗೆ ಕೇಳುವಂತೆ ಕೂಗಿದ: “ಸರಕಾರಕ್ಕ ನನ್ನ ಮ್ಯಾಲೂ ಅನುಮಾನ ಅದ!”

ತಕ್ಕಡಿ ಪರೀಕ್ಷೆ

ದೇವದುರ್ಗದಲ್ಲಿ ಅಕ್ಕಿ ಗಿರಣಿಯ ಸಾಹುಕಾರರು ಬಿ.ಪಿ. ನೋಡಿಸಲು ಬಂದರು. ನಾನು ಪಟ್ಟಿ ಸುತ್ತುವ ಮೊದಲೇ, “ನಿಮ್ಮ ತಕ್ಕಡಿ ಸರಿ ಅದ ಅಂತ ಏನು ಗ್ಯಾರಂಟಿ? ಮೊದಲು ನಮ್ಮ ಗುಮಾಸ್ತಗ ನೋಡ್ರಿ” ಎಂದರು. ಗುಮಾಸ್ತನದು ನೂರಿಪ್ಪತ್ತು. ಸಾಹುಕಾರರದು ನೂರಾ ಎಂಬತ್ತು. ಮತ್ತೆ ನೋಡಿದರೂ ಅಷ್ಟೇ.

ಡಾಕ್ಟರು ಉಪ್ಪು, ಉಪ್ಪಿನಕಾಯಿ ಎರಡೂ ಬಂದ್ ಎಂದರು. ಸಾಹುಕಾರರು ನನ್ನ ಕಿವಿಯ ಹತ್ತಿರ ಬಗ್ಗಿದರು: “ಅವಂದೂ ನಂದೂ ಕೂಡಿಸಿ, ಇಬ್ಬರಿಗೂ ಸಮ ಪಾಲು ಮಾಡಿ ಬರ್ಕೋರಿ.”

ಎದೆಯ ಫೋಟೋ

ಎಂಬತ್ತರ ದಶಕದಲ್ಲಿ ರಾಯಚೂರಿನ ಒಂದು ದವಾಖಾನೆಯ ಎಕ್ಸ್‌ರೇ ಕೋಣೆಗೆ ಬಂದೆ. ಬಳೆ ಅಂಗಡಿಯ ಒಬ್ಬ ಬೀಬಿಗೆ ಕೆಮ್ಮು. ಮರುದಿನ ಫಿಲ್ಮ್ ನೋಡಿದ ಡಾಕ್ಟರು, “ಎದ್ಯಾಗ ಕ್ಷಯದ ಕಲೆ ಅದ” ಎಂದರು.

ಬೀಬಿ ಫಿಲ್ಮನ್ನು ಬೆಳಕಿಗೆ ಹಿಡಿದು, “ಅರೇ, ಇದು ನಂದು ಅಲ್ಲ” ಎಂದಳು.

“ಎಲುಬು ನೋಡಿ ಗುರುತು ಹಿಡಿತೀರೇನ್ರಿ?” ಎಂದು ನಾನು ನಕ್ಕೆ.

“ನೀವು ತಾವೀಜು ತಗೀರಿ ಅಂದ್ರಿ. ನಾ ತಗದಿಲ್ಲ, ರವಿಕಿ ಒಳಗ ಇಟ್ಕೊಂಡಿದ್ದೆ. ಬೆಳ್ಳಿ ತಾವೀಜು. ಇದ್ರಾಗ ಎಲ್ಲಿ ಅದ, ತೋರಸ್ರಿ!”

ನನ್ನ ನಗು ನಿಂತಿತು. ಹುಡುಕಿದರೆ ತಾವೀಜಿನ ಸಮೇತ ಆಕೆಯ ಫಿಲ್ಮ್ ಬೇರೊಂದು ಲಕೋಟೆಯಲ್ಲಿತ್ತು, ಶ್ವಾಸಕೋಶ ಸ್ವಚ್ಛ. ಲಕೋಟೆ ಅದಲುಬದಲು ಮಾಡಿದವನು ನಾನೇ. ಕಲೆಯಿದ್ದ ಎದೆಯವನು ಯರಗೇರಾದ ಒಬ್ಬ ರೈತ. ಹಿಂದಿನ ದಿನವಷ್ಟೇ ಅವನಿಗೆ “ಏನೂ ಇಲ್ಲ, ಆರಾಮ ಹೋಗು” ಎಂದು ಕಳಿಸಿದ್ದೆವು.

ಕೂಡಲೇ ಬಸ್ಸು ಹಿಡಿದು ಹೋಗಿ ಅವನಿಗೆ ವಿಷಯ ಹೇಳಿದೆ.

“ನಿನ್ನಿ ಇಲ್ಲದ್ದು ಇವತ್ತು ಎಲ್ಲಿಂದ ಬಂತು?”

“ನಿಮ್ಮ ಫೋಟೋ ಒಬ್ಬ ಬೀಬಿಯವರ ಲಕೋಟಿಯಾಗ ಹೋಗಿತ್ರಿ.”

“ಹಂಗಾರ ಇದು ಆಕಿ ರೋಗ. ಆಕಿಗೇ ವಾಪಸ್ ಕೊಡ್ರಿ!”

ಸಂಜೆಯತನಕ ಕಾಡಿ ಬೇಡಿದೆ. ಕೊನೆಗೆ ಅವನ ಹೆಂಡತಿಯೇ, “ಯಾರದಾದ್ರೂ ಇರಲಿ, ಕೆಮ್ಮೋದು ನೀನು, ನಡಿ” ಎಂದು ಎಬ್ಬಿಸಿದಳು. ಒಂದು ವರ್ಷದ ಮೇಲೂ ಗುಳಿಗೆ, ಸೂಜಿ ನಡೆಯಿತು. ಅವನು ಒಂದು ದಿನವೂ ತಪ್ಪಿಸಲಿಲ್ಲ. ಪ್ರತಿ ಸಲ ನನ್ನನ್ನು ಗುಮಾನಿಯಿಂದಲೇ ನೋಡುತ್ತಿದ್ದ.

ಕೊನೆಯ ಫಿಲ್ಮಿನಲ್ಲಿ ಎದೆ ಸ್ವಚ್ಛ ಕಂಡಾಗ ನನ್ನ ಕಣ್ಣಲ್ಲಿ ನೀರು ಬಂತು. ಅವನು ಮಾತ್ರ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದ:

“ಆ ಬೀಬಿಗೆ ಒಂದ್ ಮಾತು ಮುಟ್ಟಸ್ರಿ. ಆಕಿ ರೋಗ ನಾನು ಸೂಜಿ ತಿಂದು ವಾಸಿ ಮಾಡೀನಿ. ಇನ್ನ ಆಕಿ ಹೆದರೋದು ಬ್ಯಾಡ.”